ಬಸ್ಸಿನ ಕಿಟಕಿಯಲ್ಲಿ ಕಂಡ ಜೋಳದ ರಾಶಿ ಕ್ಯಾನ್ವಾಸಿಗೆ ಬರುವುದು ಹೇಗೆ?

ಪ್ರಶ್ನೆ: ನಾನು ದಾವಣಗೆರೆಯವಳು. ಚಿತ್ರದುರ್ಗದ ಹತ್ತಿರದ ಒಂದು ಶಾಲೆಯಲ್ಲಿ ಶಿಕ್ಷಕಿ, ದಿನಾ ಬಸ್ಸಿನಲ್ಲಿ ಓಡಾಟ. ಎರಡು ವರ್ಷದಿಂದ ಎಣ್ಣೆ ಬಣ್ಣದ ಚಿತ್ರ ಕಲಿಯುತ್ತಿದ್ದೇನೆ. ಕಳೆದ ಸ್ವಾತಿ ಮಳೆಯ ದಿನಗಳಲ್ಲಿ, ಸಂಜೆ ಊರಿಗೆ ವಾಪಸ್ ಬರುವಾಗ, ಭರಮಸಾಗರ ದಾಟಿದ ಮೇಲೆ ಬಲಗಡೆ ಕಿಟಕಿಯಿಂದ ಒಂದು ದೃಶ್ಯ ಕಂಡಿತು. ಆಚೆ ಬದಿಯ ಸರ್ವಿಸ್ ರಸ್ತೆಯಲ್ಲಿ ಮೆಕ್ಕೆಜೋಳ ಹರಡಿದ್ದರು. ಹಿಂದೆ ಮೋಡ ಕಪ್ಪಗೆ, ಮುಂದೆ ಜೋಳ ದೀಪ ಹಚ್ಚಿದ ಹಾಗೆ. ಒಬ್ಬ ಹೆಂಗಸು, ಒಬ್ಬ ಹುಡುಗ ನೀಲಿ ತಾಡಪಾಲು ಎಳೆಯುತ್ತಿದ್ದರು. ಅದು ಗಾಳಿಗೆ ಉಬ್ಬಿ ಎದ್ದಿತ್ತು. ನಾನು ಹಿಂದಕ್ಕೆ ತಿರುಗಿ ನೋಡುವಷ್ಟರಲ್ಲಿ ಎಲ್ಲ ಮಂಕಾಯಿತು. ಮೊಬೈಲಿನಲ್ಲಿ ತೆಗೆದ ಫೋಟೋ ಏನೂ ಚೆನ್ನಾಗಿಲ್ಲ. ಮೂರು ಸಲ ಬರೆದೆ, ಮೂರೂ ಕ್ಯಾಲೆಂಡರ್ ಚಿತ್ರದ ಹಾಗೆ ಆಯಿತು. ಅದೇ ಜಾಗಕ್ಕೆ ಹೋಗಿ ಒಳ್ಳೆ ಫೋಟೋ ತೆಗೆದುಕೊಂಡು ಬರಲೇ? ಇನ್ನೊಂದು, ಗಾಣದಲ್ಲಿ ಸಿಗುವ ಅಗಸೆ ಎಣ್ಣೆಯನ್ನು ಬಣ್ಣಕ್ಕೆ ಬೆರೆಸಬಹುದೇ?

ಉತ್ತರ: ನೀವು ಕಳಿಸಿದ ಮೂರೂ ಚಿತ್ರಗಳನ್ನು ನೋಡಿದೆ. ಅದಕ್ಕಿಂತ ಜಾಸ್ತಿ ಹೊತ್ತು ನಿಮ್ಮ ಪತ್ರವನ್ನೇ ಓದಿದೆ. ಚಿತ್ರಗಳಲ್ಲಿ ಕಳೆದುಹೋಗಿರುವುದು ಪತ್ರದಲ್ಲಿ ಹಾಗೇ ಉಳಿದಿದೆ. ‘ಹಿಂದೆ ಮೋಡ ಕಪ್ಪಗೆ, ಮುಂದೆ ಜೋಳ ದೀಪ ಹಚ್ಚಿದ ಹಾಗೆ’ ಎಂದು ಬರೆದಿದ್ದೀರಿ. ಅವತ್ತು ನಿಮ್ಮನ್ನು ಹಿಡಿದು ನಿಲ್ಲಿಸಿದ್ದು ಅದು. ಹೆಂಗಸು, ಹುಡುಗ, ತಾಡಪಾಲು ಎಲ್ಲ ಅದರ ಒಳಗೆ ಬಂದವರು.

ಯೋಚನೆ ಮಾಡಿ ನೋಡಿ. ದಿನಾ ನಾವು ನೋಡುವ ಬಯಲಿನಲ್ಲಿ ಆಕಾಶವೇ ಎಲ್ಲಕ್ಕಿಂತ ಬೆಳಕಾಗಿರುತ್ತದೆ. ನೆಲ, ಮರ, ಮನೆ ಅದಕ್ಕಿಂತ ಕಪ್ಪು. ಚಿತ್ರ ಕಲಿಯುವವರ ಕೈಗೆ ಇದು ಅಭ್ಯಾಸವಾಗಿಬಿಡುತ್ತದೆ. ಮೊದಲು ತೆಳು ನೀಲಿ ಆಕಾಶ, ಕೆಳಗೆ ಗಾಢವಾದ ನೆಲ. ಅವತ್ತು ಭರಮಸಾಗರದ ಹತ್ತಿರ ಲೆಕ್ಕ ತಲೆಕೆಳಗಾಗಿತ್ತು. ನೆಲ ಆಕಾಶಕ್ಕಿಂತ ಬೆಳಕಾಗಿತ್ತು. ಮುಳುಗುವ ಸೂರ್ಯ ಜೋಳದ ಮೇಲೆ ಬಿದ್ದಿದ್ದ, ಅದರ ಹಿಂದೆ ಮಳೆ ಮೋಡ ಗೋಡೆಯ ಹಾಗೆ ನಿಂತಿತ್ತು. ಇಂಥದ್ದು ವರ್ಷದಲ್ಲಿ ಕೆಲವೇ ಸಂಜೆ ಸಿಗುತ್ತದೆ, ಅದೂ ಕೆಲವೇ ನಿಮಿಷ. ನಿಮ್ಮ ಕಣ್ಣು ಅದನ್ನು ತಕ್ಷಣ ಗುರುತಿಸಿತು. ಆದರೆ ಮನೆಗೆ ಬಂದ ಮೇಲೆ ಕೈ ತನ್ನ ಹಳೇ ಅಭ್ಯಾಸಕ್ಕೆ ಹೋಯಿತು. ಮೂರೂ ಚಿತ್ರಗಳಲ್ಲಿ ಮೋಡವನ್ನು ಬೂದು ಮಾಡಿ, ಬಿಳಿ ಬೆರೆಸಿ, ಜೋಳಕ್ಕಿಂತ ತೆಳು ಮಾಡಿದ್ದೀರಿ. ಅಲ್ಲಿಗೆ ಆ ದೀಪ ಆರಿಹೋಯಿತು.

ಮೊಬೈಲ್ ಕೂಡ ಅದೇ ತಪ್ಪು ಮಾಡಿದೆ. ದೃಶ್ಯದಲ್ಲಿ ಕಪ್ಪು ಜಾಸ್ತಿ ಇದ್ದರೆ ಕ್ಯಾಮೆರಾ ತಾನಾಗಿಯೇ ಬೆಳಕು ಏರಿಸುತ್ತದೆ. ಮೋಡ ಸಾದಾ ಬೂದಾಗುತ್ತದೆ, ಜೋಳ ಬೆಳ್ಳಗೆ ಸುಟ್ಟ ಹಾಗೆ ಕಾಣುತ್ತದೆ. ಆ ಫೋಟೋವನ್ನು ಪಕ್ಕಕ್ಕಿಟ್ಟು ಮತ್ತೆ ಮತ್ತೆ ನೋಡಿದ್ದರಿಂದ ನಿಮ್ಮ ಸ್ವಂತ ನೆನಪಿನ ಮೇಲೆ ಅದರ ಬಣ್ಣ ಕೂತಿದೆ. ದಯವಿಟ್ಟು ಸ್ವಲ್ಪ ದಿನ ಅದನ್ನು ನೋಡಬೇಡಿ.

ಹಾಗಾದರೆ ಮತ್ತೆ ಹೋಗಿ ಒಳ್ಳೆ ಫೋಟೋ ತೆಗೆಯಲೇ ಎಂದು ಕೇಳಿದ್ದೀರಿ. ಹೋಗಿ, ಆದರೆ ಈಗಲೇ ಬೇಡ. ನೆನಪಿನಿಂದ ಒಂದು ಪುಟ್ಟ ಚಿತ್ರ ಮುಗಿಸಿದ ಮೇಲೆ ಹೋಗಿ. ಈ ಕ್ರಮ ತಪ್ಪಬಾರದು. ಮೊದಲೇ ಹೋದರೆ ರಸ್ತೆ ಬದಿಯ ಕಂಬ, ಬೋರ್ಡು, ಬೇಲಿ, ಚರಂಡಿ, ಎಲ್ಲವೂ ‘ನನ್ನನ್ನೂ ಬರಿ’ ಎಂದು ಮುಂದೆ ಬರುತ್ತವೆ. ಅವತ್ತು ಅವು ನಿಮಗೆ ಕಂಡಿರಲೇ ಇಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದ ಬಸ್ಸು ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗುತ್ತದೆ. ಅಷ್ಟರಲ್ಲಿ ಕಣ್ಣು ಎಷ್ಟೋ ಬಿಟ್ಟು, ಮೂರೋ ನಾಲ್ಕೋ ಸಂಗತಿ ಮಾತ್ರ ಹೆಕ್ಕಿಕೊಂಡಿತು. ಚಿತ್ರಗಾರ ಕ್ಯಾನ್ವಾಸಿನ ಮುಂದೆ ಕೂತು ದಿನಗಟ್ಟಲೆ ಮಾಡುವ ಆಯ್ಕೆಯ ಕೆಲಸವನ್ನು ಬಸ್ಸಿನ ವೇಗ ನಿಮಗಾಗಿ ಮಾಡಿಕೊಟ್ಟಿದೆ.

ನಿಮ್ಮ ಮೂರನೇ ಚಿತ್ರದಲ್ಲಿ ಹಿಂದಿನ ಗುಡ್ಡದ ಮೇಲೆ ಗಾಳಿಯಂತ್ರಗಳು ಬಂದಿವೆ. ಒಂದು ಮೂಲೆಯಲ್ಲಿ ಕೋಟೆಯ ಬಂಡೆಯ ಹಾಗೆ ಏನೋ ಇದೆ. ಚಿತ್ರದುರ್ಗ ಅಂತ ಗೊತ್ತಾಗಲಿ ಎಂದು ಸೇರಿಸಿದ್ದೀರಿ, ಅಲ್ವಾ? ಆ ಆಸೆ ನನಗೆ ಅರ್ಥವಾಗುತ್ತದೆ. ನಾನೂ ಇದೇ ಊರಿನ ಬಂಡೆಗಳ ನಡುವೆ ಬೆಳೆದವನು, ನನಗೂ ಅವು ಪ್ರೀತಿ. ಆದರೆ ನಿಮ್ಮ ಪತ್ರದಲ್ಲಿ ಅವು ಇಲ್ಲ. ಹೆದ್ದಾರಿ ಪಕ್ಕದ ರಸ್ತೆಯಲ್ಲಿ ಮೆಕ್ಕೆಜೋಳ ಹರಡಿ, ಸ್ವಾತಿ ಮಳೆಗೆ ಹೆದರಿ ತಾಡಪಾಲು ಎಳೆಯುವುದು ನಮ್ಮ ಈ ಎರಡು ಜಿಲ್ಲೆಗಳಲ್ಲಿ ಎಲ್ಲರೂ ಕಂಡ ದೃಶ್ಯ. ಅದೇ ಊರಿನ ಗುರುತು. ಕೋಟೆ ತೆಗೆಯಿರಿ.

ನೋಡಿದ್ದನ್ನು ನೆನಪಿನಲ್ಲಿ ಹಿಡಿಯುವ ವಿಧಾನಕ್ಕೆ ಬರೋಣ. 1870ರ ದಶಕದಲ್ಲಿ ಲಂಡನ್ನಿನಲ್ಲಿ ವಿಸ್ಲರ್ ಎಂಬ ಚಿತ್ರಕಾರ ಥೇಮ್ಸ್ ನದಿಯ ರಾತ್ರಿ ದೃಶ್ಯಗಳನ್ನು ಬರೆಯುತ್ತಿದ್ದ. ಕತ್ತಲಲ್ಲಿ ಅಲ್ಲೇ ನಿಂತು ಬಣ್ಣ ಹಚ್ಚುವುದು ಆಗದ ಮಾತು. ಅವನು ದೃಶ್ಯವನ್ನು ಸ್ವಲ್ಪ ಹೊತ್ತು ನೋಡಿ, ಅದಕ್ಕೆ ಬೆನ್ನು ಮಾಡಿ, ಜೊತೆಗಿದ್ದವರಿಗೆ ಕಂಡದ್ದನ್ನೆಲ್ಲ ಬಾಯಲ್ಲಿ ಹೇಳುತ್ತಿದ್ದ. ಆಕಾಶ ಇಂಥ ಬಣ್ಣ, ನೀರು ಅದಕ್ಕಿಂತ ಇಷ್ಟು ಗಾಢ, ದೀಪ ಇಲ್ಲಿ, ನೀರಿನಲ್ಲಿ ಅದರ ಬಿಂಬ ಇಷ್ಟುದ್ದ. ತಪ್ಪಿದರೆ ತಿರುಗಿ ಮತ್ತೆ ನೋಡುತ್ತಿದ್ದ. ಸರಿ ಬಂದರೆ ಮನೆಗೆ ಹೋಗಿ ಮಲಗಿ, ಮರುದಿನ ಸ್ಟುಡಿಯೋದಲ್ಲಿ ಬರೆಯುತ್ತಿದ್ದ. ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸುವ ನಿಮಗೆ ಇದು ಕಷ್ಟವಾಗಬಾರದು. ‘ಅದಕ್ಕಿಂತ ಇದು ಗಾಢ’ ಎಂಬ ಮಾತನ್ನು ಮಾತ್ರ ಮರೆಯಬೇಡಿ. ಹಳದಿ, ನೀಲಿ ಎಂದಷ್ಟೇ ಬರೆದುಕೊಂಡರೆ ನಾಳೆ ಯಾವ ಹಳದಿ ಎಂದು ನೆನಪಾಗುವುದಿಲ್ಲ. ಮೋಡಕ್ಕಿಂತ ಜೋಳ ಬೆಳಕು, ಜೋಳಕ್ಕಿಂತ ತಾಡಪಾಲಿನ ಅಂಚು ಬೆಳಕು, ಹೆಂಗಸಿನ ಸೀರೆ ಮೋಡದಷ್ಟೇ ಗಾಢ, ಹೀಗೆ ಬರೆಯಿರಿ. ಬಸ್ ಟಿಕೆಟಿನ ಹಿಂದೆ ಬರೆದರೂ ಸಾಕು.

ಪ್ರಯಾಣದಲ್ಲಿ ಕಂಡದ್ದನ್ನು ಆಮೇಲೆ ಬರೆದವರು ತುಂಬಾ ಜನ. ಫ್ರಾನ್ಸಿನ ಚಿತ್ರಕಾರ ಡೆಗಾ 1890ರಲ್ಲಿ ಗೆಳೆಯನ ಜೊತೆ ಕುದುರೆ ಗಾಡಿಯಲ್ಲಿ ಬರ್ಗಂಡಿ ಕಡೆ ಹೋದ. ದಾರಿಯುದ್ದಕ್ಕೂ ಗದ್ದೆ, ಗುಡ್ಡ ನೋಡುತ್ತಾ ಹೋದವನು, ಆಮೇಲೆ ನೆನಪಿನಿಂದಲೇ ತಗಡಿನ ಮೇಲೆ ಎಣ್ಣೆ ಬಣ್ಣ ಹಚ್ಚಿ ಕಾಗದಕ್ಕೆ ಅಚ್ಚು ತೆಗೆದ. ಕೆಲವಕ್ಕೆ ಮೇಲೆ ಪೇಸ್ಟಲ್ ಎಂಬ ಬಣ್ಣದ ಕಡ್ಡಿಯಿಂದ ಹಚ್ಚಿದ. 1892ರಲ್ಲಿ ಪ್ಯಾರಿಸ್ಸಿನಲ್ಲಿ ಅವುಗಳ ಪ್ರದರ್ಶನ ನಡೆಯಿತು. ಅವುಗಳಲ್ಲಿ ಮರಕ್ಕೆ ಎಲೆ ಇಲ್ಲ, ಗುಡ್ಡಕ್ಕೆ ಹೆಸರಿಲ್ಲ. ಆದರೆ ಗಾಡಿಯಲ್ಲಿ ಕೂತು ನೋಡಿದವರಿಗೆ ಹೇಗೆ ಕಾಣುತ್ತದೋ ಹಾಗೇ ಇದೆ. ನೆನಪು ಬಿಟ್ಟದ್ದನ್ನು ಅವನು ತುಂಬಲು ಹೋಗಲಿಲ್ಲ. ಅದು ಧೈರ್ಯದ ಕೆಲಸ.

ನನಗೆ ಆ ಧೈರ್ಯ ಬರಲು ಬಹಳ ದಿನ ಬೇಕಾಯಿತು. ಒಮ್ಮೆ ರಾತ್ರಿ ಚಳ್ಳಕೆರೆ ಕಡೆಯಿಂದ ಬರುತ್ತಿದ್ದೆ. ಬಸ್ಸು ಇದ್ದಕ್ಕಿದ್ದಂತೆ ನಿಧಾನವಾಯಿತು. ಮುಂದೆ ಕುರಿ ಮಂದೆ ರಸ್ತೆ ದಾಟುತ್ತಿತ್ತು. ಹೆಡ್‌ಲೈಟ್ ಬಿದ್ದ ಕೂಡಲೇ ಕತ್ತಲಲ್ಲಿ ಕಣ್ಣುಗಳು ಹಸಿರು ಹಳದಿಯಾಗಿ ಹೊಳೆದವು. ಒಬ್ಬ ಕುರಿಗಾಹಿ ಕಂಬಳಿ ಹೊದ್ದು, ಮರಿಯನ್ನು ಎದೆಗೆ ಒತ್ತಿಕೊಂಡು, ಬೆಳಕಿಗೆ ಮುಖ ತಿರುಗಿಸಿ ನಿಂತಿದ್ದ. ಅಷ್ಟೇ. ಮನೆಗೆ ಬಂದು ದೊಡ್ಡ ಕ್ಯಾನ್ವಾಸಿಗೇ ಕೈ ಹಾಕಿದೆ. ನಲವತ್ತು ಕುರಿ ಬರೆದೆ, ಎಂಬತ್ತು ಕಣ್ಣು. ಕಂಬಳಿಯ ಎಳೆ ಎಳೆ ಬರೆದೆ. ಹಗಲಲ್ಲಿ ಮಂದೆ ಹುಡುಕಿಕೊಂಡು ಹೋಗಿ ಉಣ್ಣೆಯ ಸುರುಳಿಯನ್ನೆಲ್ಲ ಸ್ಕೆಚ್ ಮಾಡಿಕೊಂಡು ಬಂದೆ. ಎರಡು ತಿಂಗಳ ಕೆಲಸ. ಮುಗಿದ ಮೇಲೆ ನೋಡಿದರೆ ಅದು ಕುರಿಗಳ ಪಟ್ಟಿಯಾಗಿತ್ತು. ನನ್ನ ಮೈ ಜುಮ್ಮೆನಿಸಿದ ಆ ರಾತ್ರಿ ಅದರಲ್ಲಿ ಇರಲಿಲ್ಲ.

ಆ ಕ್ಯಾನ್ವಾಸನ್ನು ಮೂಲೆಗಿಟ್ಟು, ಅಂಗೈಯಗಲದ ಹಲಗೆಯ ಮೇಲೆ ಮತ್ತೆ ಶುರು ಮಾಡಿದೆ. ಕತ್ತಲು ಮೊದಲು. ಅದರೊಳಗೆ ಕಂಬಳಿಯ ಆಕಾರ, ಕತ್ತಲಿಗಿಂತ ಒಂದೇ ಒಂದು ಹೆಜ್ಜೆ ತೆಳು. ಕಣ್ಣು ಏಳು ಮಾತ್ರ, ಅದೂ ಜೋಡಿಯಾಗಿ ಇಲ್ಲ. ಮೈ ಯಾವುದಕ್ಕೂ ಬರೆಯಲಿಲ್ಲ. ಆ ರಾತ್ರಿ ನನಗೆ ಕುರಿಗಳ ಮೈ ಕಂಡಿರಲಿಲ್ಲವಲ್ಲ! ಆ ಪುಟ್ಟ ಹಲಗೆ ಈಗಲೂ ನನ್ನ ಗೋಡೆಯ ಮೇಲಿದೆ. ಅಲ್ಲಿಂದ ಮುಂದೆ ಚಿಕ್ಕದು ಮಾಡದೆ ನಾನು ದೊಡ್ಡದಕ್ಕೆ ಹೋಗಿಲ್ಲ.

ನೀವೂ ಹಾಗೇ ಮಾಡಿ. ಬೆಂಕಿಪೊಟ್ಟಣದ ಗಾತ್ರದಲ್ಲಿ ಐದಾರು ಪೆನ್ಸಿಲ್ ಚಿತ್ರ ಹಾಕಿ. ಬಿಳಿ, ನಡು ಬೂದು, ಕಪ್ಪು, ಮೂರೇ ಛಾಯೆ. ಮೋಡ ಕಪ್ಪು. ಜೋಳ ಬಿಳಿ. ತಾಡಪಾಲು ಬೂದು, ಅದರ ಉಬ್ಬಿದ ಅಂಚು ಬಿಳಿ. ಜನ ಕಪ್ಪು. ಮೂರು ಛಾಯೆಯಲ್ಲೇ ಆ ಸಂಜೆ ಎದ್ದು ಬಂದರೆ ಬಣ್ಣದಲ್ಲೂ ಬರುತ್ತದೆ. ಇಲ್ಲಿ ಬರದಿದ್ದರೆ ಎಷ್ಟು ದುಬಾರಿ ಬಣ್ಣ ತಂದರೂ ಬರುವುದಿಲ್ಲ. ಆಮೇಲೆ 6 ಇಂಚು, 8 ಇಂಚಿನ ಹಲಗೆಗೆ ಪ್ರೈಮರ್ ಹಚ್ಚಿ, ಒಂದೇ ಕೂತಲ್ಲಿ ಎಣ್ಣೆ ಬಣ್ಣದಲ್ಲಿ ಮುಗಿಸಿ. ದೊಡ್ಡ ಬ್ರಷ್ ಹಿಡಿಯಿರಿ. ದೊಡ್ಡ ಬ್ರಷ್ಷಿನಲ್ಲಿ ಬೇಡದ್ದನ್ನು ಬರೆಯಲು ಆಗುವುದಿಲ್ಲ.

ಬೆಳಕಿನ ದಿಕ್ಕು ನೋಡೋಣ. ಇಲ್ಲಿ ನೆನಪಿನ ಜೊತೆಗೆ ಸ್ವಲ್ಪ ಭೂಗೋಳವೂ ಸಹಾಯ ಮಾಡುತ್ತದೆ. ಚಿತ್ರದುರ್ಗದಿಂದ ದಾವಣಗೆರೆಗೆ ಹೆದ್ದಾರಿ ಹೆಚ್ಚುಕಮ್ಮಿ ಪಶ್ಚಿಮಕ್ಕೆ, ಸ್ವಲ್ಪ ಉತ್ತರಕ್ಕೆ ವಾಲಿಕೊಂಡು ಬರುತ್ತದೆ. ಸ್ವಾತಿ ಮಳೆ ಎಂದರೆ ಅಕ್ಟೋಬರ್ ಕೊನೆ, ನವೆಂಬರ್ ಮೊದಲು. ಆಗ ಸೂರ್ಯ ನಮ್ಮಲ್ಲಿ 6 ಗಂಟೆ ಆಸುಪಾಸಿಗೆ, ಪಶ್ಚಿಮದಿಂದ ಸ್ವಲ್ಪ ದಕ್ಷಿಣಕ್ಕೆ ಮುಳುಗುತ್ತಾನೆ. ಅಂದರೆ ಸೂರ್ಯ ನಿಮ್ಮ ಬಸ್ಸಿನ ಎಡ ಮುಂಭಾಗದಲ್ಲಿದ್ದ. ನೀವು ಬಲಕ್ಕೆ, ಉತ್ತರದ ಕಡೆ ನೋಡುತ್ತಿದ್ದಿರಿ. ಹಾಗಾಗಿ ಬೆಳಕು ನಿಮ್ಮ ಎಡ ಹೆಗಲಿನ ಮೇಲಿಂದ ದೃಶ್ಯಕ್ಕೆ ಬೀಳುತ್ತಿತ್ತು. ನೆರಳುಗಳು ಉದ್ದವಾಗಿ ಬಲಕ್ಕೆ, ನಿಮ್ಮಿಂದ ದೂರಕ್ಕೆ ಚಾಚಬೇಕು. ನಿಮ್ಮ ಎರಡನೇ ಚಿತ್ರದಲ್ಲಿ ಅವು ಎಡಕ್ಕೆ ಬಿದ್ದಿವೆ. ನೋಡುವವರಿಗೆ ಕಾರಣ ಗೊತ್ತಾಗುವುದಿಲ್ಲ, ಏನೋ ಸರಿಯಿಲ್ಲ ಎಂದು ಮಾತ್ರ ಅನಿಸುತ್ತದೆ.

ತಿರುಗಿ ನೋಡುವಷ್ಟರಲ್ಲಿ ಮಂಕಾಯಿತು ಎಂದಿರಲ್ಲ, ಅದಕ್ಕೂ ಇದರಲ್ಲೇ ಉತ್ತರ ಇರಬೇಕು. ಸೂರ್ಯ ಅಷ್ಟು ಕೆಳಗೆ ಇಳಿದಾಗ ವಾಹನಗಳ ನೆರಳು ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತದೆ, ಅದೂ ನಿಮ್ಮ ಹಿಂದಕ್ಕೆ. ನೀವು ಹಿಂತಿರುಗಿದ ಹೊತ್ತಿಗೆ ನಿಮ್ಮ ಬಸ್ಸಿನದೋ, ಎದುರು ಬಂದ ಲಾರಿಯದೋ ನೆರಳು ಆ ಜೋಳದ ಮೇಲೆ ಹಾದಿರಬಹುದು. ಇಲ್ಲವೇ ಸೂರ್ಯನಿಗೆ ಮೋಡದ ಚೂರು ಅಡ್ಡ ಬಂದಿರಬಹುದು. ನನಗೆ ಈ ಮಂಕಾಗುವಿಕೆ ತುಂಬಾ ಇಷ್ಟವಾಯಿತು. ಚಿತ್ರದ ಬಲ ಅಂಚಿನಲ್ಲಿ ಒಂದು ಉದ್ದನೆಯ ನೆರಳು ಜೋಳವನ್ನು ಮುಟ್ಟಲು ಶುರು ಮಾಡಿದ ಹಾಗೆ ಬರೆದು ನೋಡಿ. ಬೆಳಕು ಈಗ ಹೋಗುತ್ತದೆ ಎಂಬುದು ಆಗ ಚಿತ್ರದೊಳಗೇ ಬರುತ್ತದೆ.

ಬಣ್ಣದಲ್ಲಿ ಒಂದೆರಡು ಎಚ್ಚರಿಕೆ ಹೇಳುತ್ತೇನೆ. ಮೋಡಕ್ಕೆ ಟ್ಯೂಬಿನ ಕಪ್ಪು ಹಾಕಬೇಡಿ. ಅಲ್ಟ್ರಾಮರೀನ್ ನೀಲಿ ಮತ್ತು ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿ. ನೀಲಿ ಸ್ವಲ್ಪ ಮೇಲುಗೈ ಆಗಿರಲಿ. ಆ ನೀಲಿ ಬೂದಿನ ಪಕ್ಕದಲ್ಲಿ ಸಾದಾ ಮಣ್ಣು ಹಳದಿ ಯೆಲ್ಲೋ ಓಕರ್ ಕೂಡ ಹೊಳೆಯುತ್ತದೆ. ಕಡು ಹೊಳಪಿನ ಕ್ಯಾಡ್ಮಿಯಂ ಹಳದಿ, ಬೆಳಕಿನ ನಡುವೆ ನಾಲ್ಕಾರು ಹೊಡೆತಕ್ಕೆ ಸಾಕು. ನೀವು ಇಡೀ ರಾಶಿಗೆ ಅದನ್ನೇ ಬಳಿದಿದ್ದೀರಿ, ಅದಕ್ಕೇ ಅದು ಪ್ಲಾಸ್ಟಿಕ್ ಹಾಗೆ ಕಾಣುತ್ತದೆ. ಜೋಳದ ನೆರಳಿಗೆ ಹಳದಿಗೆ ಕಪ್ಪು ಬೆರೆಸಿದ್ದೀರಿ. ಹಳದಿಗೆ ಕಪ್ಪು ಸೇರಿದರೆ ಪಾಚಿ ಹಸಿರಾಗುತ್ತದೆ. ಬರ್ಂಟ್ ಸಿಯೆನ್ನಾ ಹಾಕಿ, ಆಕಾಶ ತಾಗುವ ಕಡೆ ಚೂರು ನೇರಳೆ ಹಾಕಿ.

ತಾಡಪಾಲು ಈ ಚಿತ್ರದ ಜೀವ. ಅದನ್ನು ನೀವು ಒಂದೇ ನೀಲಿಯಲ್ಲಿ ಮುಗಿಸಿದ್ದೀರಿ. ಉಬ್ಬಿದ ಹೊಟ್ಟೆಯ ಮೇಲೆ ಬಿಸಿಲು ಬಿದ್ದಲ್ಲಿ ಅದು ಬಹುತೇಕ ಬಿಳಿ. ಬದಿಯಲ್ಲಿ ನೀಲಿ. ಕೆಳಗೆ, ಜೋಳಕ್ಕೆ ಮುಖ ಮಾಡಿದ ಕಡೆ, ಜೋಳದ ಹಳದಿ ಬೆಳಕು ನೆಲದಿಂದ ಪುಟಿದು ಅದಕ್ಕೆ ತಾಗುತ್ತದೆ. ಅಲ್ಲಿ ನೀಲಿ ಹಸಿರಿಗೆ ತಿರುಗುತ್ತದೆ. ಮನೆಯಲ್ಲಿ ಮೊರದ ತುಂಬ ಮೆಕ್ಕೆಜೋಳ ಹಾಕಿ ಬಿಸಿಲಲ್ಲಿಟ್ಟು, ಮೇಲೆ ನೀಲಿ ಪ್ಲಾಸ್ಟಿಕ್ ಹಿಡಿದು ನೋಡಿ. ಕಣ್ಣಿಗೇ ಕಾಣುತ್ತದೆ.

ಜನರ ವಿಷಯ. ನಿಮ್ಮ ಹೆಂಗಸಿಗೆ ಕಣ್ಣು, ಮೂಗು, ಕುಂಕುಮ ಎಲ್ಲ ಇದೆ. ಅಷ್ಟು ದೂರದಿಂದ, ಅಷ್ಟು ವೇಗದಲ್ಲಿ ಕುಂಕುಮ ಕಾಣಲು ಸಾಧ್ಯವಿಲ್ಲ. ಅದಕ್ಕಿಂತ ಮುಖ್ಯವಾಗಿ, ಅವಳು ಫೋಟೋಕ್ಕೆ ನಿಂತ ಹಾಗೆ ನೆಟ್ಟಗೆ ನಿಂತಿದ್ದಾಳೆ. ಗಾಳಿ ತುಂಬಿದ ತಾಡಪಾಲು ಎಳೆಯುವವರು ಹಾಗೆ ನಿಲ್ಲುವುದಿಲ್ಲ. ಮೈಯ ಭಾರವೆಲ್ಲ ಹಿಂದಕ್ಕೆ ಬಿದ್ದಿರುತ್ತದೆ, ಹಿಮ್ಮಡಿ ನೆಲಕ್ಕೆ ಊರಿರುತ್ತದೆ. ಹುಡುಗ ಹಗುರ, ಅವನನ್ನು ಗಾಳಿಯೇ ಮುಂದಕ್ಕೆ ಎಳೆಯುತ್ತಿರುತ್ತದೆ. ಆ ಇಬ್ಬರ ಬಾಗುವಿಕೆಯ ವ್ಯತ್ಯಾಸ ಬರೆದರೆ ಮುಖ ಬೇಕಾಗುವುದಿಲ್ಲ. ಅವರು ಯಾಕೆ ಓಡುತ್ತಿದ್ದರು ಎಂಬುದನ್ನು ಬರೆಯುವಾಗ ಮನಸ್ಸಿನಲ್ಲಿಟ್ಟುಕೊಳ್ಳಿ. ಒಣಗಿದ ಜೋಳ ನೆನೆದರೆ ಬೂಸ್ಟು ಹಿಡಿಯುತ್ತದೆ, ದರ ಬೀಳುತ್ತದೆ. ಅದು ಒಂದು ಮನೆಯ ವರ್ಷದ ದುಡಿಮೆ. ನಿಮಗೆ ಅದು ಚಂದ ಕಂಡಿತು, ಅವರಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಎರಡೂ ನಿಜ. ಚಂದ ಮಾತ್ರ ಬರೆದಾಗ ಚಿತ್ರ ಕ್ಯಾಲೆಂಡರ್ ಆಗುತ್ತದೆ.

ಇದಕ್ಕಾಗಿಯೇ ಆ ಜಾಗಕ್ಕೆ ಹೋಗಬೇಕು ಎಂದೆ. ಪುಟ್ಟ ಚಿತ್ರ ಮುಗಿದ ಮೇಲೆ, ಏನು ಗೊತ್ತಿಲ್ಲ ಎಂದು ನಿಮಗೇ ತಿಳಿಯುತ್ತದೆ. ತಾಡಪಾಲಿನ ಮೂಲೆಯನ್ನು ಕೈಗೆ ಹೇಗೆ ಸುತ್ತಿಕೊಳ್ಳುತ್ತಾರೆ? ಅಂಚಿಗೆ ಎಂಥ ಕಲ್ಲು ಇಡುತ್ತಾರೆ? ಜೋಳವನ್ನು ಕಾಲಿನಿಂದ ಆಡಿಸಿದಾಗ ಸಾಲು ಹೇಗೆ ಬೀಳುತ್ತದೆ? ಅಷ್ಟು ನೋಡಿಕೊಂಡು ಬನ್ನಿ. ರಾಶಿ ಹಾಕಿದವರ ಜೊತೆ ಮಾತಾಡಿ, ಕೇಳಿ ಸ್ಕೆಚ್ ಮಾಡಿ. ಮಳೆ ಬಂದರೆ ಪುಸ್ತಕ ಬದಿಗಿಟ್ಟು ಒಂದು ಮೂಲೆ ಹಿಡಿಯಿರಿ. ತಾಡಪಾಲು ಕೈಯನ್ನು ಎಷ್ಟು ಜಗ್ಗುತ್ತದೆ ಎಂದು ಒಮ್ಮೆ ಗೊತ್ತಾದರೆ ಬ್ರಷ್ ಹಿಡಿದ ಕೈಗೂ ಅದು ಗೊತ್ತಿರುತ್ತದೆ.

ಓಡುವ ಬಸ್ಸಿನಿಂದ ನೋಡಿದ್ದು ಎಂದು ಇಡೀ ಚಿತ್ರವನ್ನು ಮಸುಕು ಮಾಡಬೇಡಿ. ಅದು ಕ್ಯಾಮೆರಾದ ರೂಢಿ. ನಿಮ್ಮ ಕಣ್ಣು ತಾಡಪಾಲಿನ ಅಂಚಿನ ಮೇಲೆ ನೆಟ್ಟಿತ್ತು, ಅಲ್ಲಿ ಗೆರೆ ಚೂಪಾಗಿರಲಿ. ಉಳಿದ ಕಡೆ, ಬಣ್ಣ ಹಸಿ ಇರುವಾಗಲೇ ಒಣ ಬ್ರಷ್ಷಿನಿಂದ ಅಂಚನ್ನು ಸವರಿ ಬಿಡಿ.

ಈಗ ಗಾಣದ ಅಗಸೆ ಎಣ್ಣೆ. ಚಿತ್ರಕಲೆಗೆ ಬಳಸುವ ಲಿನ್ಸೀಡ್ ಎಣ್ಣೆ ಅಗಸೆ ಬೀಜದ್ದೇ. ನೀರು ಆರಿದ ಹಾಗೆ ಅದು ಆರುವುದಿಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗಿ ಪದರವಾಗುತ್ತದೆ. ಚಳ್ಳಕೆರೆಯ ಮಿಲ್ಲುಗಳ ಶೇಂಗಾ ಎಣ್ಣೆಗೆ ಈ ಗುಣ ಇಲ್ಲ, ಅದು ವರ್ಷ ಕಳೆದರೂ ಅಂಟಂಟಾಗಿಯೇ ಇರುತ್ತದೆ. ಅಡುಗೆಗೆ ಮಾಡಿದ ಅಗಸೆ ಎಣ್ಣೆಯೂ ಒಣಗುತ್ತದೆ, ಆದರೆ ಅದರಲ್ಲಿ ಬೀಜದ ಲೋಳೆ, ಕಸರು ಇರುತ್ತದೆ. ಅದೇ ಗಾಣದಲ್ಲಿ ಮೊದಲು ಶೇಂಗಾ ಹಾಕಿದ್ದರೆ ಆ ಎಣ್ಣೆಯೂ ಬೆರೆತಿರುತ್ತದೆ. ಕಲಿಕೆಯ ಹಲಗೆಗಳಿಗೆ ಬೇಕಾದರೆ ಬಳಸಿ. ಉಳಿಸಿಕೊಳ್ಳುವ ಚಿತ್ರಕ್ಕೆ ಬೇಡ, ಶುದ್ಧ ಮಾಡಿದ ಲಿನ್ಸೀಡ್ ಎಣ್ಣೆಯ ಸಣ್ಣ ಬಾಟಲಿ ತನ್ನಿ, ತುಂಬಾ ದಿನ ಬರುತ್ತದೆ.

ದೊಡ್ಡ ಕ್ಯಾನ್ವಾಸಿನಲ್ಲಿ ಮೊದಲ ಪದರ ಟರ್ಪೆಂಟೈನ್ ಬೆರೆಸಿ ತೆಳುವಾಗಿರಲಿ, ಎಣ್ಣೆ ಮೇಲಿನ ಪದರಗಳಿಗೆ ಸ್ವಲ್ಪ ಸ್ವಲ್ಪವೇ ಜಾಸ್ತಿಯಾಗಲಿ. ತಿರುಗಾಮುರುಗಾ ಆದರೆ ಮೇಲಿನದು ಮೊದಲು ಒಣಗಿ, ಕೆಳಗಿನದು ಆಮೇಲೆ ಅಲುಗಿ, ಚಿತ್ರ ಬಿರುಕು ಬಿಡುತ್ತದೆ. ಕೆಳ ಪದರಕ್ಕೆ ರಾ ಅಂಬರ್ ಎಂಬ ಕಂದು ಬಣ್ಣ ಒಳ್ಳೆಯದು. ಅದರಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ. ಕಿಟಕಿ ತೆಗೆದಿಟ್ಟು ಕೆಲಸ ಮಾಡಿ. ಲಿನ್ಸೀಡ್ ಎಣ್ಣೆ ಹಿಡಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ. ಒಣಗುವಾಗ ಅದು ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿ ತಾನಾಗಿಯೇ ಬೆಂಕಿ ಹತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರಡಿ, ಇಲ್ಲವೇ ನೀರಿನಲ್ಲಿ ನೆನೆಸಿಡಿ.

ದೊಡ್ಡ ಚಿತ್ರ ವಾರಗಟ್ಟಲೆ ಹಿಡಿಯುತ್ತದೆ. ಅಷ್ಟು ದಿನ ಆ ಪುಟ್ಟ ಹಲಗೆ ಕಣ್ಣೆದುರು ನೇತಾಡುತ್ತಿರಲಿ. ಸಂದೇಹ ಬಂದಾಗ ಫೋಟೋ ನೋಡಬೇಡಿ, ಹಲಗೆ ನೋಡಿ. ಹಲಗೆಯಲ್ಲಿ ಇಲ್ಲದ ಯಾವುದನ್ನಾದರೂ ಸೇರಿಸಬೇಕು ಅನಿಸಿದರೆ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಮತ್ತೆ ಯೋಚಿಸಿ. ಎಣ್ಣೆ ಬಣ್ಣ ನಿಧಾನವಾಗಿ ಒಣಗುತ್ತದೆ, ತಪ್ಪಿದ್ದನ್ನು ನೈಫಿನಿಂದ ಕೆರೆದು ತೆಗೆಯಲು ನಿಮಗೆ ಬೇಕಾದಷ್ಟು ಸಮಯ ಇರುತ್ತದೆ. ಮುಗಿದ ಮೇಲೆ ಬೆಳಕು ಬರುವ ಕೋಣೆಯಲ್ಲಿಡಿ, ಆದರೆ ನೇರ ಬಿಸಿಲಿಗೆ ಬೇಡ. ಕತ್ತಲಲ್ಲಿಟ್ಟರೆ ಲಿನ್ಸೀಡ್ ಎಣ್ಣೆ ಹಳದಿಯಾಗಿ ನಿಮ್ಮ ಮೋಡದ ನೀಲಿ ಕೆಡುತ್ತದೆ. ವಾರ್ನಿಷ್‌ಗೆ ಅವಸರ ಬೇಡ. ಆರು ತಿಂಗಳಾದರೂ ಬಿಡಬೇಕು, ದಪ್ಪ ಬಣ್ಣವಾದರೆ ಇನ್ನೂ ಹೆಚ್ಚು. ಈಗ ಶುರು ಮಾಡಿದರೆ ಮುಂದಿನ ಸ್ವಾತಿ ಮಳೆ ಹೊತ್ತಿಗೆ ಹಚ್ಚಬಹುದು.